ಉಂಡಿ ಕಟ್ಟಿದ ಕೈ

ಕುಬೇರಪ್ಪ ಮಾಸ್ತರರು ಸುನೀತಾಳನ್ನು ಮೊದಲ ಸಲ ಕಂಡ ದಿನ, ಅವಳು ಶಾಲೆಯ ನೀರಿನ ಟಾಕಿಯ ಹಿಂದೆ ತುದಿಗಾಲಲ್ಲಿ ಕುಳಿತು, ಅಂಗಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ಮಧ್ಯಾಹ್ನದ ಊಟದ ಗಂಟೆ ಆಗಷ್ಟೇ ಆಗಿತ್ತು. ಬಮ್ಮಿಗಟ್ಟಿಯ ಪ್ರೌಢಶಾಲೆಗೆ ವರ್ಗವಾಗಿ ಬಂದು ಇನ್ನೂ ವಾರ ತುಂಬದ ಮಾಸ್ತರರು ಕೈ ತೊಳೆಯಲೆಂದು ಟಾಕಿಯ ಕಡೆಗೆ ಬಂದವರು, ಹಾಗೆಯೇ ನಿಂತುಬಿಟ್ಟರು.

"ಏನ್ ಮಾಡಾಕತ್ತೀಯವಾ?" ಎಂದರು.

ಹುಡುಗಿ ಗಾಬರಿಯಾಗಲಿಲ್ಲ. ಸೂಜಿ ತೆಗೆದು, ಮುಚ್ಚಳ ಹಾಕಿ, ಅಂಗಿ ಸರಿಪಡಿಸಿಕೊಂಡು ಎದ್ದು ನಿಂತಳು. "ಊಟಾ ಮಾಡೂದೈತ್ರಿ ಸರ್. ಅದಕ್ಕ."

"ಅದನ್ನ ಇಲ್ಲಿ ಕುಂತು ಯಾಕ? ವರ್ಗದಾಗ ಜಾಗಾ ಇಲ್ಲೇನ?"

"ಅಲ್ಲಿ ಚುಚ್ಚಿಕೊಂಡ್ರ ಹುಡುಗ್ರು ಹೆದರಿ ಓಡಿ ಹೋಗ್ತಾರ್ರಿ." ಹೇಳಲೋ ಬೇಡವೋ ಎಂಬಂತೆ ಸೇರಿಸಿದಳು: "ನಾನೂ ಓಡ್ತೇನ್ರಿ ಸರ್. ಅವರಕಿಂತಾ ಜೋರ."

ಆ ಮಾತು ಸುಳ್ಳಾಗಿರಲಿಲ್ಲ. ಸಂಜೆ ಆಟದ ಬಯಲಿನಲ್ಲಿ ಅವಳು ಓಡುವುದನ್ನು ಮಾಸ್ತರರು ಕಂಡರು. ಭುಜ ಅಲುಗದು, ತಲೆ ಅಲುಗದು, ಕಾಲು ಮಾತ್ರ ತಮ್ಮ ಪಾಡಿಗೆ ತಾವು ಹೋಗುತ್ತಿದ್ದವು. ಓಡುವ ಮೊದಲು ಬೇಲಿಯ ಹತ್ತಿರ ಕುಳಿತು ಬೆರಳು ಚುಚ್ಚಿ, ಒಂದು ಪುಟ್ಟ ಯಂತ್ರದ ಪಟ್ಟಿಗೆ ರಕ್ತ ತಾಗಿಸಿ, ಬಂದ ಅಂಕಿಯನ್ನು ಓದಿ, ಆಮೇಲೆ ಎದ್ದಳು. ಓಡಿ ಬಂದ ಮೇಲೆ ಮತ್ತೆ ಅದೇ ಕೆಲಸ. ಅವಳ ಜೊತೆಗಾರ್ತಿ ಮುಬಶಿರಾ ಎಂಬ ಹುಡುಗಿ ಅಷ್ಟು ಹೊತ್ತೂ ಪಕ್ಕದಲ್ಲಿ ಕಾವಲು ನಿಂತಿದ್ದಳು.

ಸುನೀತಾಳ ಮನೆಯ ಸಂಗತಿ ಮಾಸ್ತರರಿಗೆ ಬರಬರುತ್ತ ತಿಳಿಯಿತು. ತಂದೆ ತಿರಕಪ್ಪನಿಗೆ ಒಂದಿಷ್ಟು ಗೋವಿನಜೋಳದ ಹೊಲ, ಒಂದು ಹಿಂಡು ಕುರಿ. ಮನೆಯಲ್ಲಿ ಹೆಂಡತಿ ನಾಗರತ್ನಾ, ತಾಯಿ ಮೈಲಾರವ್ವ. ಮಗಳು ಏಳನೆಯ ಇಯತ್ತೆಯಲ್ಲಿದ್ದಾಗ ಎಷ್ಟು ನೀರು ಕುಡಿದರೂ ದಾಹ ಹೋಗದೆ, ಎಷ್ಟು ತಿಂದರೂ ಮೈ ಹತ್ತದೆ, ಒಂದು ದಿನ ಎಚ್ಚರವಿಲ್ಲದೆ ಮಲಗಿಬಿಟ್ಟಳು. ಹುಬ್ಬಳ್ಳಿಯ ದವಾಖಾನೆಯಲ್ಲಿ ಅವಳನ್ನು ಉಳಿಸಿಕೊಟ್ಟ ವೈದ್ಯೆ ತಿರಕಪ್ಪನನ್ನು ಎದುರಿಗೆ ಕೂಡಿಸಿಕೊಂಡು ತಿಳಿಸಿ ಹೇಳಿದರು. ಇದು ಮುದುಕರಿಗೆ ಬರುವ ಸಕ್ಕರೆ ಕಾಯಿಲೆಯ ಜಾತಿಯದಲ್ಲ. ಮಗುವಿನ ಮೈ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿದೆ. ಇನ್ನು ಅದನ್ನು ಹೊರಗಿನಿಂದ ದಿನಾಲೂ ಕೊಡಬೇಕು, ಜೀವ ಇರುವ ತನಕ.

ಮೊದಲ ಕೆಲವು ವರ್ಷ ಸುನೀತಾಳ ರಕ್ತದ ಸಕ್ಕರೆ ಪಂಚಮಿಯ ಜೋಕಾಲಿಯಂತೆ ಆಕಾಶಕ್ಕೊಮ್ಮೆ ನೆಲಕ್ಕೊಮ್ಮೆ ತೂಗಾಡಿತು. ಎರಡು ರೊಟ್ಟಿ, ಅನ್ನ ಉಂಡು ಅದಕ್ಕೆ ತಕ್ಕಷ್ಟು ಸೂಜಿ ಹಾಕಿಕೊಂಡರೆ ಒಂದು ದಿನ ಏರುತ್ತಿತ್ತು, ಇನ್ನೊಂದು ದಿನ ಓಡುತ್ತ ಓಡುತ್ತ ಕೈಕಾಲು ನಡುಗಿ ಇಳಿಯುತ್ತಿತ್ತು. ಆಗ ಆ ವೈದ್ಯೆಯೇ ಒಂದು ದಾರಿ ಹೇಳಿದರು. "ಹಿಟ್ಟು, ಅನ್ನ ಕಡಿಮಿ ಆದ್ರ ಸೂಜಿನೂ ಕಡಿಮಿ ಸಾಕು. ಸೂಜಿ ಸಣ್ಣದಾದ್ರ ಲೆಕ್ಕ ತಪ್ಪಿದಾಗ ಬೀಳೂ ಪೆಟ್ಟೂ ಸಣ್ಣದು. ಎಲ್ಲಾರಿಗೂ ನಾನಿದನ್ನ ಹೇಳೂದಿಲ್ಲ. ನೀ ತಪ್ಪದ ನೋಡ್ಕೋತೀ, ತಿಂಗಳಾ ನನಗೂ ತೋರಸ್ತೀ ಅಂತ ಹೇಳ್ತೇನಿ."

ಅಂದಿನಿಂದ ಅವಳ ತಾಟು ಬದಲಾಯಿತು. ರೊಟ್ಟಿ ಕಾಲು ಭಾಗಕ್ಕೆ ಇಳಿಯಿತು. ಅದರ ಜಾಗಕ್ಕೆ ತತ್ತಿ, ಪುಂಡಿ ಪಲ್ಯ, ಮೆಂತ್ಯದ ಸೊಪ್ಪು, ಶೇಂಗಾದ ಚಟ್ನಿ, ಕೆನೆಮೊಸರು ಬಂದವು. ಓಣಿಯ ಹೆಂಗಸರಿಗೆ ಇದೊಂದು ಮೋಜಾಯಿತು. "ರೊಟ್ಟಿ ಬಿಟ್ಟು ಬದುಕೂ ಹುಡಿಗಿನ್ನ ನಾ ಕಂಡೇ ಇಲ್ಲಬೇ ನಾಗರತ್ನಾ. ಮುಂಜಾನೆ ತತ್ತಿ, ಮಧ್ಯಾಹ್ನ ತತ್ತಿ. ನಾಳೆ ಕೋಳಿ ಹಂಗ ಕೂಗ್ಯಾಳು!" ಎನ್ನುತ್ತಿದ್ದರು. ಮೈಲಾರವ್ವ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು: "ಕೂಗ್ಲಿ ಬಿಡ್ರಬೇ. ನೀವಾದ್ರೂ ಹೊತ್ತಿಗೆ ಸರಿ ಏಳ್ತೀರಿ."

ಸುನೀತಾ 'ಆಯಿ' ಎಂದು ಕರೆಯುವ ಈ ಮೈಲಾರವ್ವ ಮೊಮ್ಮಗಳಿಗೆ ಕೊಟ್ಟದ್ದು ತನ್ನ ಎಲೆ ಅಡಿಕೆಯ ಸಂಚಿಯನ್ನು. ನಾಲ್ಕು ಪದರಿನ, ದಾರ ಎಳೆದರೆ ಬಾಯಿ ಮುಚ್ಚುವ ಬಟ್ಟೆಯ ಸಂಚಿ. ಒಂದು ಪದರಿನಲ್ಲಿ ಯಂತ್ರ, ಒಂದರಲ್ಲಿ ಪಟ್ಟಿಗಳ ಡಬ್ಬಿ, ಒಂದರಲ್ಲಿ ಇನ್ಸುಲಿನ್ನು, ಕೊನೆಯದರಲ್ಲಿ ಬೆಲ್ಲದ ಹರಳು. ಸಕ್ಕರೆ ಇಳಿದಾಗ ಜೀವ ಹಿಡಿದು ನಿಲ್ಲಿಸುವುದು ಆ ಬೆಲ್ಲವೇ. ಸುನೀತಾ ಓಡುವಾಗ ಸಂಚಿಯನ್ನು ನಡುವಿಗೆ ಬಿಗಿದು ಕಟ್ಟುತ್ತಿದ್ದಳು. ಎಷ್ಟು ಒಗೆದರೂ ಅದರಿಂದ ಕಾಚಿನ ವಾಸನೆ ಹೋಗಲಿಲ್ಲ.

ಹೀಗೆ ಎಲ್ಲ ಒಂದು ಹದಕ್ಕೆ ಬಂದಿತೆನ್ನುವಾಗ, ಅವಳು ಕಲಘಟಗಿಯ ಕಾಲೇಜಿಗೆ ಹೋಗುತ್ತಿದ್ದ ವರ್ಷ, ಕ್ರೀಡಾಕೂಟದ ದಿನ, ಅವಸರದಲ್ಲಿ ಸಕ್ಕರೆ ನೋಡಿಕೊಳ್ಳದೆ ಓಡಿ ಬಿದ್ದಳು. ತಲೆ ಕಲ್ಲಿಗೆ ಬಡಿಯಿತು. ಎಚ್ಚರವಾದಾಗ ಹುಬ್ಬಳ್ಳಿಯ ದವಾಖಾನೆಯ ಮಂಚದ ಕಾಲಬುಡದಲ್ಲಿ ತಿರಕಪ್ಪ ನೆಲದ ಮೇಲೆ ಕುಳಿತಿದ್ದ. ಮನೆಗೆ ಬಂದವನೇ ಮಗಳ ಓಟದ ಬೂಟು ತೆಗೆದು ಅಟ್ಟದ ಮೇಲೆ ಎಸೆದ.

ಆ ಬೂಟನ್ನು ಕೆಳಗಿಳಿಸಲು ಮಾಸ್ತರರು ವರ್ಷವೆಲ್ಲ ಆ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯಬೇಕಾಯಿತು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು, ಪುರುಸೊತ್ತೂ ಇತ್ತು. ಶ್ರಾವಣ ಹತ್ತಿರವಾದಾಗ ತಿರಕಪ್ಪ ಕೊನೆಗೊಮ್ಮೆ ಬಾಯಿ ಬಿಟ್ಟ.

"ಸರ್, ನಿಮ್ಮ ಮಾರಿ ನೋಡಿ ಹೇಳ್ತೇನ್ರಿ. ಪಂಚಮಿಗೆ ಊರಾಗ ಹೆಣ್ಮಕ್ಕಳ ಓಟ ಇರತೈತಲ್ಲ, ಅದರಾಗ ಓಡ್ಲಿ. ನನ್ನ ಕಣ್ಣ ಮುಂದ. ನೆಟ್ಟಗ ಓಡಿ ಬಂದ್ಲು ಅಂದ್ರ ನೀವು ಹೇಳಿದ ಧಾರವಾಡದ ಜಿಲ್ಲಾ ತಂಡದ ಆಯ್ಕೆಗೂ ಕಳಸ್ತೇನಿ. ಬಿದ್ಲು ಅಂದ್ರ ಅವತ್ತಿಗೆ ಓಟ ಬಂದ್. ಆಮ್ಯಾಲ ನೀವೂ ಕೇಳಬಾರ್ದು, ಅಕಿನೂ ಕೇಳಬಾರ್ದು."

ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದ ಸುನೀತಾ, "ಹೂಂ" ಎಂದಳು.

ಪಂಚಮಿ ಎಂದರೆ ಆ ಸೀಮೆಯಲ್ಲಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ತವರಿಗೆ ಬಂದವರು, ಇನ್ನೂ ಕೊಡದೆ ಇರುವವರು, ಎಲ್ಲರಿಗೂ ಮರಕ್ಕೆ ಜೋಕಾಲಿ, ಮನೆಮನೆಗೆ ಉಂಡಿ. ಬಮ್ಮಿಗಟ್ಟಿಯ ಯುವಕ ಸಂಘದವರು ಅದರ ಜೊತೆ ಈ ಓಟವನ್ನು ಸೇರಿಸಿದ್ದರು. ಊರ ಹೆಬ್ಬಾಗಿಲಾದ ಅಗಸಿಯಿಂದ ಹೊರಟು, ಕೆರೆಯ ಏರಿ ಹತ್ತಿ ಇಳಿದು, ಹೊಲದ ದಾರಿ ಹಿಡಿದು, ದೂರದ ಬನ್ನಿಗಿಡದ ತನಕ ಹೋಗಿ ಮರಳಬೇಕು. ಬನ್ನಿಗಿಡ ಮುಟ್ಟಿದ ಗುರುತಿಗೆ ಅಲ್ಲಿ ಒಬ್ಬರು ಹಣೆಗೆ ಭಂಡಾರದ ಅರಿಶಿನ ಹಚ್ಚುತ್ತಾರೆ. ಆ ವರ್ಷ ಆ ಕೆಲಸ ಕುಬೇರಪ್ಪ ಮಾಸ್ತರರದು.

ಹಬ್ಬದ ಮುಂಜಾನೆ ತಿರಕಪ್ಪನ ಮನೆಯಲ್ಲಿ ಅಳ್ಳಿನ ಉಂಡಿಯ ಗದ್ದಲ. ಹುರಿದು ಅರಳಿಸಿದ ಜೋಳದ ಅಳ್ಳನ್ನು ಕುದಿಯುವ ಬೆಲ್ಲದ ಪಾಕಕ್ಕೆ ಸುರಿದು, ಬಿಸಿ ಆರುವುದರೊಳಗೆ ಉಂಡೆ ಕಟ್ಟಬೇಕು. ಆರಿದರೆ ಅದು ಯಾರ ಮಾತನ್ನೂ ಕೇಳದು. ಕೈ ಸುಡಬಾರದೆಂದು ಬಾಜೂಕ್ಕೆ ಒಂದು ಬೋಗುಣಿಯಲ್ಲಿ ನೀರಿಟ್ಟುಕೊಂಡು, ಅಂಗೈ ಅದ್ದಿ ಅದ್ದಿ ಕಟ್ಟುತ್ತಾರೆ. ಆ ಮನೆಯಲ್ಲಿ ಎಲ್ಲರಿಗಿಂತ ಚೆಂದ ಕಟ್ಟುವವಳು ಸುನೀತಾ.

"ತಿನ್ನದಕಿ ಕೈಯಾಗ ಉಂಡಿ ಗಟ್ಟಿ ಕೂಡ್ತಾವು ನೋಡು," ಎಂದಳು ಮೈಲಾರವ್ವ. "ತಿನ್ನೂ ಆಸೇದಾಗ ನಿಮ್ಮವ್ವ ಅವನ್ನ ಸಡಲ ಬಿಡ್ತಾಳ."

"ಅತ್ತೀ, ನೀ ಬಾಯಾಗ ಒಂದ ಇಟಗೊಂಡ ಮಾತಾಡಬ್ಯಾಡ," ಎಂದು ನಾಗರತ್ನಾ ನಕ್ಕಳು.

ಸುನೀತಾ ಬೆಳಗ್ಗೆ ತಿಂದದ್ದು ಎರಡು ತತ್ತಿ, ಒಂದು ಹಿಡಿ ಶೇಂಗಾ. ಸೂಜಿ ಎಂದಿನಂತೆ ಸಣ್ಣದು. ಏಳುತ್ತಲೇ ನೋಡಿಕೊಂಡಾಗ ಸಕ್ಕರೆ ನೂರರ ಆಸುಪಾಸಿನಲ್ಲಿತ್ತು. ಎಲ್ಲ ಹದವಾಗಿತ್ತು. ಅಷ್ಟರಲ್ಲಿ ಅಗಸಿಯ ಕಡೆಯಿಂದ ಚರ್ಮದ ಹಲಗೆ ಬಡಿಯುವ ಸದ್ದು ಕೇಳಿತು. ಓಡುವವರು ಬಂದು ಕೂಡಬೇಕೆಂಬ ಕರೆ. ಸುನೀತಾ ಗಡಿಬಿಡಿಯಿಂದ ಕೈಯನ್ನು ಬೋಗುಣಿಯ ನೀರಿನಲ್ಲಿ ಅದ್ದಿ, ಅವ್ವನ ಸೆರಗಿಗೆ ಒರೆಸಿ, ಸಂಚಿ ಬಿಚ್ಚಿ ಯಂತ್ರ ತೆಗೆದಳು. ಬೆರಳು ಚುಚ್ಚಿದಳು. ರಕ್ತದ ಹನಿ ಪಟ್ಟಿಗೆ ತಾಗಿತು.

ಮುನ್ನೂರ ಹದಿನೆಂಟು.

ಅವಳು ಕಣ್ಣು ಕಿರಿದು ಮಾಡಿ ಮತ್ತೆ ನೋಡಿದಳು. ಇನ್ನೊಂದು ಪಟ್ಟಿ ಹಾಕಿ, ಅದೇ ಬೆರಳನ್ನು ಹಿಂಡಿ ಇನ್ನೊಂದು ಹನಿ ತೆಗೆದಳು. ಮುನ್ನೂರ ಒಂಬತ್ತು. ವೈದ್ಯೆಯ ಮಾತಿನಂತೆ ಮುನ್ನೂರು ದಾಟಿದಾಗ ಓಡಲೇಬಾರದು.

ಹಿಂದಿನಿಂದ ತಿರಕಪ್ಪ ಬಗ್ಗಿ ಆ ಅಂಕಿಯನ್ನು ಓದಿದ್ದ.

"ಉಂಡಿ ತಿಂದಿ?"

"ಇಲ್ಲಪಾ."

"ಒಂದ?"

"ಒಂದ ಅಳ್ಳೂ ಬಾಯಾಗ ಹಾಕಿಲ್ಲಪಾ. ಆಯಿ ಆಣಿಗೂ."

"ಮತ್ತ ಇದು ಎಲ್ಲಿಂದ ಬಂತು? ಮಷೀನ ಸುಳ್ಳ ಹೇಳತೈತೇನ?" ತಿರಕಪ್ಪ ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು. "ಇಷ್ಟ ವರ್ಷ ತಡದಿ, ಇವತ್ತೊಂದಿನ ತಡಿಲಿಲ್ಲ? ತಿಂದದ್ದಕ್ಕ ನನಗ ಸಿಟ್ಟಿಲ್ಲ. ಕದ್ದು ತಿಂದೆಲ್ಲ, ಅದಕ್ಕ."

ಸುನೀತಾಳ ಮುಖ ಬೆಂಕಿಯಾಯಿತು. ತಿಂದಿಲ್ಲವೆಂದು ಅವಳ ನಾಲಗೆಗೆ ಗೊತ್ತಿತ್ತು. ಆದರೆ ಅಂಕಿ ಎದುರಿಗಿತ್ತು. ಇಷ್ಟು ವರ್ಷ ತನ್ನನ್ನು ಕಾಪಾಡಿದ ಯಂತ್ರ ಅದು. ಎರಡೆರಡು ಸಲ ಒಂದೇ ಮಾತು ಹೇಳಿದೆ. ಹಬ್ಬದ ಗದ್ದಲಕ್ಕೆ, ಓಟದ ಅಂಜಿಕೆಗೆ ಏರಿರಬಹುದು, ಹಾಗೂ ಆಗುವುದುಂಟು ಎಂದುಕೊಂಡಳು. ತನ್ನ ಮಾತನ್ನು ತಾನೇ ಬಿಟ್ಟುಕೊಟ್ಟಳು.

"ಇವತ್ತ ಬ್ಯಾಡ. ಮನ್ಯಾಗ ಕುಂದ್ರು," ಎಂದ ತಿರಕಪ್ಪ.

"ಇಳಸ್ತೇನಿ. ಓಡ್ತೇನಿ."

ಯಾವಾಗಲೂ ಒಂದು ಯೂನಿಟ್ಟಿನ ಆಚೆ ಈಚೆ ಸರಿಪಡಿಸಿಕೊಳ್ಳುತ್ತಿದ್ದವಳು ಅಂದು ನಾಲ್ಕು ಯೂನಿಟ್ ಏರಿಸಿದಳು. ಅಪ್ಪನ ಎದುರಿಗೇ ಹೊಟ್ಟೆಗೆ ಚುಚ್ಚಿಕೊಂಡಳು. ಸೂಜಿ ಹಾಕಿದ ಮೇಲೆ ಎರಡು ತಾಸು ಓಡಬಾರದೆಂಬುದು ಅವಳಿಗೆ ಬಾಯಿಪಾಠವಿತ್ತು. ಹಲಗೆ ಮತ್ತೆ ಮೊಳಗಿತು. ಅವಳು ಸಂಚಿಯನ್ನು ನಡುವಿಗೆ ಬಿಗಿದು ಅಂಗಳಕ್ಕೆ ಇಳಿದೇಬಿಟ್ಟಳು.

"ಬಿದ್ದಿ ಅಂದ್ರ..." ಎಂದು ತಿರಕಪ್ಪ ಹಿಂದಿನಿಂದ ಹೇಳಿದ.

"ಗೊತ್ತೈತಿ."

ಸಂಘದವರ ಭಾಷಣ, ಕಾಯಿ ಒಡೆಯುವುದು ಮುಗಿದು ಓಟ ಹೊರಟಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಹನ್ನೆರಡೋ ಹದಿನೈದೋ ಹುಡುಗಿಯರು. ಕೆಲವರು ಸೀರೆ ಎತ್ತಿ ಕಟ್ಟಿದ್ದರು, ಕೆಲವರು ಬರಿಗಾಲಲ್ಲಿದ್ದರು. ಕೆರೆ ಏರಿ ಇಳಿಯುವಷ್ಟರಲ್ಲಿ ಹೆಚ್ಚಿನವರು ನಗುತ್ತ ಹಿಂದೆ ಉಳಿದರು. ಮುಂದೆ ಸುನೀತಾ, ಅವಳ ಬೆನ್ನಿಗೆ ಮುಬಶಿರಾ. ಎರಡೂ ಕಡೆ ಎದೆಯೆತ್ತರದ ಗೋವಿನಜೋಳ. ನಡುವೆ ಕೆಂಪು ಕೆಸರಿನ ದಾರಿ.

ಬನ್ನಿಗಿಡದ ಕೆಳಗೆ ಮಾಸ್ತರರು ಛತ್ರಿ ಹಿಡಿದು, ಇನ್ನೊಂದು ಕೈಯಲ್ಲಿ ಭಂಡಾರದ ಬಟ್ಟಲು ಹಿಡಿದು ನಿಂತಿದ್ದರು. ಸುನೀತಾಳ ಹಣೆಗೆ ಭಂಡಾರ ಹಚ್ಚುವಾಗ ಅವರ ಬೆರಳಿಗೆ ತಣ್ಣಗಿನ ಬೆವರು ತಾಗಿತು.

"ಮಾರಿ ಯಾಕ ಹಿಂಗ ಬಿಳುಚೇತಿ? ನೋಡ್ಕೋ ಒಂದ್ಸಲ."

"ಏರಿತ್ರಿ ಸರ್. ಇಳ್ಯಾಕತ್ತೈತಿ," ಎಂದವಳೇ ತಿರುಗಿ ಓಡಿದಳು.

ಮರಳುವ ದಾರಿಯಲ್ಲಿ ಮೊದಲು ತುಟಿ ಜೋಮು ಹಿಡಿಯಿತು. ಆಮೇಲೆ ಮೊಣಕಾಲ ಹಿಂದೆ ನಡುಕ. ಆ ನಡುಕ ಅವಳಿಗೆ ಹೊಸದಾಗಿರಲಿಲ್ಲ. ಕಲಘಟಗಿಯಲ್ಲಿ ಬಿದ್ದ ದಿನವೂ ಅದು ಹೀಗೆಯೇ, ಕಳ್ಳನ ಹಾಗೆ ಹಿಂದಿನಿಂದ ಬಂದಿತ್ತು. ಕೈ ತಾನಾಗಿಯೇ ಸಂಚಿಯ ಬೆಲ್ಲದ ಪದರಿಗೆ ಹೋಯಿತು. ಅಲ್ಲಿಯೇ ನಿಂತಿತು.

ಮುನ್ನೂರರಿಂದ ಸರ್ರನೆ ಇಳಿಯುವಾಗಲೂ ಮೈ ಹೀಗೆಯೇ ನಡುಗುವುದುಂಟು. ಇನ್ನೂರರಲ್ಲಿಯೇ ಇದ್ದರೆ? ಈಗ ಬೆಲ್ಲ ತಿಂದರೆ ಮತ್ತೆ ಮೇಲಕ್ಕೆ ಹೋಗುತ್ತದೆ. ಅಗಸಿಯಲ್ಲಿ ಅಪ್ಪ ಯಂತ್ರ ಹಿಡಿದು ನೋಡುತ್ತಾನೆ. ಕದ್ದು ತಿಂದವಳು ಎನ್ನುತ್ತಾನೆ, ಊರೆದುರಿಗೆ. ನಿಂತು ಪಟ್ಟಿ ತೆಗೆದು ನೋಡೋಣವೆಂದರೆ ಮಳೆ. ಪಟ್ಟಿ ತೊಯ್ದರೆ ಕೆಟ್ಟಿತು. ನಿಂತಳೆಂದು ಯಾರಾದರೂ ಹೇಳಿದರೂ ಸಾಕು, ಅಪ್ಪ ಓಟ ಬಿಡಿಸುತ್ತಾನೆ. ಕೆರೆಯ ಏರಿ ಅಗೋ ಅಲ್ಲಿ ಕಾಣುತ್ತಿದೆ. ಏರಿ ಹತ್ತಿದರೆ ಆಚೆಗೆ ಅಗಸಿ.

ಅವಳು ಬೆಲ್ಲದಿಂದ ಕೈ ತೆಗೆದಳು. ಓಡಿದಳು.

ಗೋವಿನಜೋಳದ ಸಾಲುಗಳು ಒಂದರೊಳಗೊಂದು ಸೇರತೊಡಗಿದವು. ಹಲಗೆಯ ಸದ್ದು ಒಮ್ಮೆ ಮುಂದಿನಿಂದ ಬಂದರೆ ಒಮ್ಮೆ ಹಿಂದಿನಿಂದ ಬರುತ್ತಿತ್ತು. ಕಾಲು ಜಾರಿತು, ಬೀಳಲಿಲ್ಲ, ಬೇಲಿಯ ಕಳ್ಳಿಗೆ ಕೈ ಕೊಟ್ಟು ನಿಂತಳು. ಮುಂಜಾನೆ ಚುಚ್ಚಿದ ಬೆರಳಿಗೇ ಮುಳ್ಳು ತಾಗಿ ಚುರ್ರೆಂದಿತು. ಚಿಕ್ಕ ಮಕ್ಕಳು ಮಾಡುವಂತೆ ಆ ಬೆರಳನ್ನು ಬಾಯೊಳಗಿಟ್ಟು ಚೀಪಿದಳು.

ಬೆವರಿನ, ರಕ್ತದ ಉಪ್ಪು ಬರಬೇಕಿದ್ದ ನಾಲಗೆಗೆ ಸಿಹಿ ತಾಗಿತು.

ಉಗುರಿನ ಸಂದಿಯಿಂದ ಏನೋ ಸಣ್ಣದೊಂದು ಚೂರು ಹಲ್ಲಿಗೆ ಸಿಕ್ಕಿ ಚಟ್ಟೆಂದು ಮುರಿಯಿತು. ಜೋಳದ ಅಳ್ಳು. ಅದಕ್ಕೆ ಅಂಟಿದ ಬೆಲ್ಲದ ಪಾಕ.

ಸುನೀತಾಳ ಕಣ್ಣಿಗೆ ಮನೆಯ ಬೋಗುಣಿ ಕಂಡಿತು. ಮುಂಜಾನೆಯಿಂದ ಮೂವರೂ ಪಾಕದ ಕೈ ಅದ್ದಿ ಅದ್ದಿ ಇಟ್ಟ ನೀರು ಅದು. ಅದೂ ಬೆಲ್ಲದ ನೀರೇ. ಕೈ ತೊಳೆದೆನೆಂದುಕೊಂಡದ್ದು ಅದರಲ್ಲಿ. ಯಂತ್ರ ಎಣಿಸಿದ್ದು ರಕ್ತದ ಸಕ್ಕರೆಯ ಜೊತೆಗೆ ಬೆರಳ ಮೇಲಿನ ಬೆಲ್ಲವನ್ನೂ. ಅವಳ ರಕ್ತ ನೂರರಲ್ಲಿಯೇ ಇತ್ತು. ಆ ನೂರಕ್ಕೆ ಅವಳು ನಾಲ್ಕು ಯೂನಿಟ್ ಸುರಿದಿದ್ದಳು, ಅದರ ಮೇಲೆ ಓಡಿದ್ದಳು.

ಏರಿ ಇನ್ನೂ ಕಾಣುತ್ತಿತ್ತು. ಮುಬಶಿರಾಳ ಹೆಜ್ಜೆಯ ಸದ್ದು ಹತ್ತಿರವಾಗುತ್ತಿತ್ತು. ಇನ್ನೊಂದು ಉಸಿರಿನ ದಾರಿ ಎಂದಿತು ಮನಸ್ಸು. ಸುನೀತಾ ದಾರಿಯ ನಡುವೆ, ಕೆಸರಿನಲ್ಲಿಯೇ, ಕಾಲು ಮಡಚಿ ಕುಳಿತುಬಿಟ್ಟಳು. ಸಂಚಿಯ ದಾರ ಎಳೆದು ಬೆಲ್ಲದ ಹರಳುಗಳನ್ನೆಲ್ಲ ಒಮ್ಮೆಲೇ ಬಾಯಿಗೆ ತುಂಬಿಕೊಂಡಳು.

"ಯಾಕಲೇ, ಏನಾತು?" ಮುಬಶಿರಾ ಬಂದು ಅವಳ ಭುಜ ಹಿಡಿದಳು.

"ಸಕ್ರಿ ಲೋ ಆಗೇತಿ. ಭಾಳ ಆಗತೈತಿ, ಈ ಬೆಲ್ಲ ಸಾಲೂದಿಲ್ಲ. ನೀ ಓಡು. ಅಗಸ್ಯಾಗ ಅಪ್ಪ ಇದ್ದಾನ, ಉಂಡಿ ತರಾಕ ಹೇಳು."

"ನಿನ್ನ ಬಿಟ್ಟ ಹೆಂಗ ಹೋಗ್ಲಿ?"

"ನಿನಕಿಂತಾ ಜೋರ ಓಡಾವ್ರು ಇಲ್ಲಿ ಯಾರದಾರ, ಹೇಳು? ಹೋಗ ಲೇ!"

ಮುಬಶಿರಾ ಆ ದಿನ ಓಡಿದಂತೆ ಮತ್ತೆಂದೂ ಓಡಲಿಲ್ಲ. ಅಗಸಿಯಲ್ಲಿ ಕಟ್ಟಿದ್ದ ದಾರ ಅವಳ ಎದೆಗೆ ತಾಗಿ ಹರಿಯಿತು. ಜನ ಕೇಕೆ ಹಾಕಿದರು, ಹಲಗೆ ಬಾರಿಸಿದರು. ಅವಳು ನಿಲ್ಲದೆ ನೇರವಾಗಿ ತಿರಕಪ್ಪನ ಎದುರಿಗೆ ಹೋಗಿ, "ಕಾಕಾ, ಉಂಡಿ! ಸುನೀಗೆ ಉಂಡಿ ಬೇಕು, ಲಗೂನ!" ಎಂದಳು.

ಇತ್ತ ಮಾಸ್ತರರು ಕೊನೆಯ ಹುಡುಗಿಯ ಹಣೆಗೆ ಭಂಡಾರ ಹಚ್ಚಿ ಸ್ಕೂಟರಿನಲ್ಲಿ ಮರಳುತ್ತಿದ್ದವರು ದಾರಿಯ ನಡುವೆ ಕುಳಿತ ಸುನೀತಾಳನ್ನು ಕಂಡರು. ಛತ್ರಿ ಅವಳ ಮೇಲೆ ಹಿಡಿದರು. "ನೀರ ಹಾಕ್ರಿ ಸರ್, ಕೈಮ್ಯಾಲ," ಎಂದಳು ಅವಳು. ಮಾತು ತೊದಲುತ್ತಿತ್ತು. ಬಾಟಲಿಯ ನೀರಿನಲ್ಲಿ ಬೆರಳನ್ನು ಉಗುರಿನವರೆಗೆ ಉಜ್ಜಿ ತೊಳೆದು, ಮಾಸ್ತರರ ಧೋತರದ ಒಣ ಅಂಚಿಗೆ ಒರೆಸಿ ಚುಚ್ಚಿಕೊಂಡಳು. ಯಂತ್ರ ನಲವತ್ತಾರು ಎಂದಿತು. ಬೆಲ್ಲ ತಿಂದ ಮೇಲೆಯೂ ನಲವತ್ತಾರು. ಮಾಸ್ತರರು ಇಷ್ಟು ವರ್ಷ ಹುಡುಗರಿಗೆ ಪಾಠ ಹೇಳಿದ ದನಿಯಲ್ಲಿಯೇ ಕೇಳಿದರು: "ನನ್ನ ಹೆಸರೇನು ಹೇಳವಾ?"

"ಕುಬೇರಪ್ಪ... ಸರ್."

"ನಿಮ್ಮ ಆಯಿ ಹೆಸರು?"

ಅವಳು ಹುಡುಕಿದಳು. ಹೆಸರು ಸಿಗಲಿಲ್ಲ. ಕಣ್ಣು ಮುಚ್ಚಿಕೊಳ್ಳತೊಡಗಿತು. ಮಾಸ್ತರರು ಅವಳ ಕೆನ್ನೆ ತಟ್ಟುತ್ತ ಅದೇ ಪ್ರಶ್ನೆ ಕೇಳುತ್ತಲೇ ಇದ್ದರು.

ಮೋಟರ್ ಸೈಕಲ್ಲಿನ ಸದ್ದು ಕೇಳಿತು. ತಿರಕಪ್ಪ, ಅವನ ಹಿಂದೆ ಉಂಡಿಯ ಡಬ್ಬಿಯನ್ನು ಎದೆಗವಚಿಕೊಂಡ ಮೈಲಾರವ್ವ. ಗಾಡಿಯನ್ನು ನೆಲಕ್ಕೆ ಕೆಡವಿ ತಿರಕಪ್ಪ ಓಡಿ ಬಂದ. ಮಗಳ ಮುಖ ಕಂಡು, "ಬಿದ್ಲು..." ಎಂದಷ್ಟೇ ಅವನ ಬಾಯಿಂದ ಬಂದಿತು.

"ಎಲ್ಲಿ ಬಿದ್ದಾಳೋ?" ಮೈಲಾರವ್ವ ಗದರಿದಳು. "ಕಣ್ಣ ಕಾಣೂದಿಲ್ಲ? ಕುಂತಾಳ ಅಕಿ. ತಾನಾಗಿ ಕುಂತಾಳ. ಮೊದಲ ಉಂಡಿ ಮುರದ ಬಾಯಾಗ ಹಾಕು."

ತಿರಕಪ್ಪ ಉಂಡಿ ಮುರಿದ. ವರ್ಷಗಟ್ಟಲೆ ಆ ಬಾಯಿಗೆ ಹೋಗಬಾರದೆಂದು ಕಾದ ಉಂಡಿಯನ್ನು ತಾನೇ ಚೂರು ಚೂರು ಮಾಡಿ, ಉಸಿರುಗಟ್ಟದಂತೆ ಸ್ವಲ್ಪ ಸ್ವಲ್ಪವೇ ಮಗಳ ತುಟಿಯೊಳಗಿಟ್ಟ. "ಅಗಿ, ನನ್ನವ್ವ. ಅಗಿ. ನುಂಗು." ಒಂದು ಉಂಡಿ ಹೋಯಿತು. ಇನ್ನೊಂದು ಮುರಿದ. ಮಳೆ ನಿಂತಿತು. ಹಿಂದೆ ಉಳಿದಿದ್ದ ಹುಡುಗಿಯರು ಬಂದು ಸುತ್ತಲೂ ನಿಂತರು.

ಎಷ್ಟೋ ಹೊತ್ತಿನ ಮೇಲೆ ಸುನೀತಾ ಕಣ್ಣು ತೆರೆದು, "ಮೈಲಾರವ್ವ," ಎಂದಳು.

"ಆಯಿನ್ನ ಹೆಸರ ಹಿಡದ ಕರೀತೀ? ಜೀವ ಬಂತ್ ನೋಡು," ಎಂದು ಮುದುಕಿ ಅಲ್ಲಿಯೇ ಕುಸಿದು ಕುಳಿತಳು.

ಮತ್ತೆ ನೀರು, ಮತ್ತೆ ಬೆರಳು. ಎಂಬತ್ತೆಂಟು. ಸ್ವಲ್ಪ ಬಿಟ್ಟು ನೋಡಿದಾಗ ನೂರಾ ಹನ್ನೆರಡು. ಮೈ ಬೆಚ್ಚಗಾಯಿತು. ತಿರಕಪ್ಪ ಮಗಳ ಮುಖವನ್ನು ನೋಡಲಾರದೆ ಹೊಲದ ಕಡೆಗೆ ತಿರುಗಿ ನಿಂತಿದ್ದ. ಮುಂಜಾನೆಯ ಮಾತು ಇನ್ನೂ ಇಬ್ಬರ ನಡುವೆ ಇತ್ತು.

"ಅಪ್ಪಾ, ಇಲ್ಲಿ ಬಾ. ನಿನ್ನ ಬೆರಳ ಕೊಡು."

"ನನಗ್ಯಾಕ?"

"ಕೊಡಪಾ."

ಉಂಡಿ ಮುರಿದು ಮುರಿದು ಅಂಟು ಹತ್ತಿದ ಅವನ ಬೆರಳನ್ನು ಹೊಸ ಸೂಜಿಯಿಂದ ಚುಚ್ಚಿ, ಪಟ್ಟಿಗೆ ತಾಗಿಸಿ, ಯಂತ್ರವನ್ನು ಅವನ ಕಣ್ಣೆದುರಿಗೆ ಹಿಡಿದಳು. ಮುನ್ನೂರ ಎಪ್ಪತ್ತೊಂದು.

ತಿರಕಪ್ಪನ ಮುಖ ಇಳಿದುಹೋಯಿತು. "ನನಗೂ ಬಂತೇನ?" ಎಂದ. ಹುಡುಗಿಯರಲ್ಲಿ ಯಾರೋ ಕಿಸಕ್ಕೆಂದರು.

"ಇನ್ನ ತೊಳಕೋ. ಚಂದಾಗಿ."

ಮಾಸ್ತರರು ನೀರು ಹಾಕಿದರು. ತಿರಕಪ್ಪ ಕುರಿಯ ಉಣ್ಣೆ ತೊಳೆಯುವವನಂತೆ ಉಜ್ಜಿ ಉಜ್ಜಿ ತೊಳೆದ. ಅದೇ ಬೆರಳು, ಇನ್ನೊಂದು ಪಟ್ಟಿ. ನೂರಾ ನಾಲ್ಕು.

ತಿರಕಪ್ಪ ತನ್ನ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಮಗಳ ಕೈ ಹಿಡಿದು, ಉಗುರಿನ ಬುಡದಲ್ಲಿ ಇನ್ನೂ ಉಳಿದಿದ್ದ ಬೆಲ್ಲದ ಕಂದು ಗೆರೆಯನ್ನು ನೋಡಿದ.

"ತಿಂದಿದ್ದಿಲ್ಲ ನೀ," ಎಂದ.

"ಹೇಳಿದ್ನೆಲ್ಲಪಾ. ಆದ್ರ ನನ್ನ ಮಾತ ನಾನೂ ನಂಬಲಿಲ್ಲ. ಅದಕ್ಕ ಇಷ್ಟ ಆತು."

ಅವಳು ಎದ್ದು ನಿಂತಳು. ಗಾಡಿಯ ಮೇಲೆ ಕೂಡು ಎಂದರೆ ಒಪ್ಪಲಿಲ್ಲ. ಏರಿ ಹತ್ತಿ, ಇಳಿದು, ನಡೆಯುತ್ತಲೇ ಅಗಸಿಗೆ ಹೋದಳು. ಪಕ್ಕದಲ್ಲಿ ತಿರಕಪ್ಪ ಮೋಟರ್ ಸೈಕಲ್ಲನ್ನು ತಳ್ಳಿಕೊಂಡು ನಡೆದ. ಅಗಸಿಯಲ್ಲಿ ದಾರ ಹರಿದು ಬಿದ್ದಿತ್ತು. ಹಲಗೆಯವರು ಊಟಕ್ಕೆ ಹೋಗಿದ್ದರು. ಮುಬಶಿರಾ ಮಾತ್ರ ಬಹುಮಾನದ ಹಿತ್ತಾಳೆ ಕೊಡವನ್ನು ಬಗಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಎಲ್ಲರಿಗಿಂತ ಕೊನೆಗೆ ಸುನೀತಾ ಗೆರೆ ದಾಟಿದಳು.

ಮನೆಯ ಕಟ್ಟೆಗೆ ಬಂದ ಮೇಲೆ ತಿರಕಪ್ಪ ಮಾಸ್ತರರ ಕಡೆಗೆ ನೋಡದೆ ಕೇಳಿದ: "ಸರ್, ಧಾರವಾಡದ್ದು ಅದು 'ಆಯ್ಕೆ' ಅಂದ್ರೆಲ್ಲ, ಯಾವತ್ತ ಐತ್ರಿ?"

ಧಾರವಾಡದ ಆಯ್ಕೆಯಲ್ಲಿ ಅವಳು ಏಳನೆಯವಳಾದಳು. ಪದಕ ಬರಲಿಲ್ಲ, ಮುಂದೆಯೂ ಬಹಳ ಬರಲಿಲ್ಲ. ಓಟವೇನೂ ನಿಲ್ಲಲಿಲ್ಲ. ಪ್ರಯೋಗಾಲಯದ ತರಬೇತಿ ಮುಗಿಸಿ ಈಗ ಕಲಘಟಗಿಯಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ದಿನಾ ನಸುಕಿನಲ್ಲಿ ಕೆರೆಯ ಏರಿಯ ಮೇಲೆ ಓಡುತ್ತಾಳೆ. ನಡುವಿನಲ್ಲಿ ಅದೇ ಸಂಚಿ, ಬೆಲ್ಲದ ಪದರು ಮಾತ್ರ ಮೊದಲಿಗಿಂತ ದೊಡ್ಡದಾಗಿದೆ. ತಾಟಿನಲ್ಲಿ ಇಂದಿಗೂ ಕಾಲು ರೊಟ್ಟಿ. ಹುಬ್ಬಳ್ಳಿಯ ವೈದ್ಯೆಗೆ ತಿಂಗಳ ಲೆಕ್ಕ ತಪ್ಪದೆ ತೋರಿಸುತ್ತಾಳೆ. ಮುಬಶಿರಾ ಗಂಡನ ಮನೆ ಅಳ್ನಾವರದಿಂದ ಪಂಚಮಿಗೆ ತಪ್ಪದೆ ಬಂದು, "ಈ ಸಲ ಕುಂದ್ರಬ್ಯಾಡ ಲೇ, ನನ್ನ ಸೋಲಿಸು ನೋಡೂಣು," ಎಂದು ಕೆಣಕುತ್ತಾಳೆ.

ಪಂಚಮಿಯ ಓಟದ ಮುಂಜಾನೆ ಸುನೀತಾ ಅಗಸಿಯಲ್ಲಿ ಒಂದು ಬೆಂಚು ಹಾಕಿ, ಬೇಕೆಂದವರ ಸಕ್ಕರೆ ನೋಡುತ್ತಾಳೆ. ಊರಿನವರ ಕೈಗಳೆಲ್ಲ ಅಂದು ಉಂಡಿ ಕಟ್ಟಿದ ಕೈಗಳು. ಅದಕ್ಕೇ ಬೆಂಚಿಗೆ ಮೊದಲು ತಿರಕಪ್ಪನನ್ನು ದಾಟಿ ಹೋಗಬೇಕು. ಅವನು ನೀರಿನ ಕೊಡ, ತಂಬಿಗೆ, ಸಾಬೂನು ಇಟ್ಟುಕೊಂಡು ಕುಳಿತಿರುತ್ತಾನೆ. "ಕೈ ತೊಳೀರಿ ಮೊದಲ. ಉಗರಿನ ಸಂದಿನೂ," ಎನ್ನುತ್ತಾನೆ. ಮನೆಯಲ್ಲಿಯೇ ತೊಳೆದು ಬಂದೆವೆಂದರೆ ಕೇಳುವುದಿಲ್ಲ. ಕುಬೇರಪ್ಪ ಮಾಸ್ತರರನ್ನೂ ಎರಡು ಸಲ ಹಿಂದಕ್ಕೆ ಕಳಿಸಿದ್ದಾನೆ.

ಈ ವರ್ಷ ಹಲಗೆ ಬಾರಿಸಿದಾಗ ಸುನೀತಾ ಬೆಂಚಿನಿಂದ ಎದ್ದು, ಬೂಟಿನ ದಾರ ಬಿಗಿದು, ತನ್ನ ಬೆರಳನ್ನು ಚುಚ್ಚಿಕೊಳ್ಳಲು ಯಂತ್ರ ತೆಗೆದಳು. ತಿರಕಪ್ಪ ತಂಬಿಗೆ ಎತ್ತಿದ.

"ನೀನೂ," ಎಂದ.

ಅವಳು ಎರಡೂ ಕೈ ಚಾಚಿದಳು. ಅವನು ನೀರು ಹಾಕಿದ.